ಪಕ್ಕದ ಸೀಟಿನ ಬ್ರೇಕು

"ಇದರಲ್ಲಿ ಏನೂ ಇಲ್ಲ ಮೇಷ್ಟ್ರೇ," ಎಂದ ಮೆಕ್ಯಾನಿಕ್. ತಲೆ ಕಾರಿನೊಳಗೆ, ಕಾಲುಗಳು ಹೊರಗೆ. "ಹೋದ ಸಲಾನೂ ಏನೂ ಇರಲಿಲ್ಲ, ಈ ಸಲಾನೂ ಏನೂ ಇಲ್ಲ. ಬ್ರೇಕು ಚಿನ್ನದ ಹಾಗಿದೆ."

"ಚಿನ್ನದ ಹಾಗಿದ್ರೆ ಒತ್ತಿದಾಗ ಯಾಕೆ ಹಿಡಿಯಲ್ಲ?"

"ನಾನು ಒತ್ತಿದ್ರೆ ಹಿಡಿಯುತ್ತಲ್ಲ."

ಮೇಷ್ಟ್ರು ಅವನ ಗ್ರೀಸು ಮೆತ್ತಿದ ಬೂಟುಗಳನ್ನೇ ನೋಡುತ್ತ ನಿಂತರು. ಒಂದು ಸ್ಪಾನರ್ ಎತ್ತಿಕೊಂಡರೂ ಊರ ಸುದ್ದಿಯೆಲ್ಲ ಹೇಳಿ ಮುಗಿಸುವ ಆಸಾಮಿ ಇವತ್ತು ಬಾಯಿ ಬಿಗಿ ಹಿಡಿದಿದ್ದಾನೆ. ಅದೂ ಮುಖ ಹೊರಗೆ ಹಾಕದೆ. ಇದರ ಹಿಂದೆ ಏನೋ ಇದೆ ಎಂದು ಅವರಿಗೆ ಖಾತ್ರಿಯಾಯಿತು.

ಅವರು ಕಾರು ಕಲಿಸುವ ಮೇಷ್ಟ್ರು. ಊರಿನ ಅರ್ಧ ಜನ ಸ್ಟಿಯರಿಂಗ್ ಹಿಡಿಯಲು ಕಲಿತದ್ದು ಅವರ ಪಕ್ಕದಲ್ಲಿ ಕೂತು, ಅವರ ಕೈಲಿ ಬೈಸಿಕೊಂಡು. ಕಲಿಸುವ ಕಾರಿನಲ್ಲಿ ಓಡಿಸುವವರ ಕಾಲ ಕೆಳಗೆ ಒಂದು ಬ್ರೇಕು, ಪಕ್ಕದ ಸೀಟಿನಲ್ಲಿ ಕೂತ ಮೇಷ್ಟ್ರ ಕಾಲ ಕೆಳಗೆ ಇನ್ನೊಂದು. ಎರಡಕ್ಕೂ ನಡುವೆ ಒಂದು ಕಬ್ಬಿಣದ ಸರಳು. ಮೇಷ್ಟ್ರ ಕಡೆ ಬ್ರೇಕಿನ ಪಕ್ಕದಲ್ಲಿ ಹೀಗೇ ಒಂದು ಕ್ಲಚ್ಚೂ ಇತ್ತು. ಕಲಿಯುವವನು ಗಾಬರಿಯಾಗಿ ಕಣ್ಣು ಮುಚ್ಚಿಕೊಂಡರೂ ಮೇಷ್ಟ್ರು ಈ ಕಡೆಯಿಂದ ಒತ್ತಿದರೆ ಕಾರು ನಿಲ್ಲಬೇಕು. ಮೊದಲ ಪಾಠದ ದಿನ ಎಲ್ಲರಿಗೂ ಅವರು ಹೇಳುತ್ತಿದ್ದ ಮಾತು ಒಂದೇ: "ಹೆದರಬೇಡಿ, ನಾನಿದ್ದೀನಿ."

ಈಗ ಕೆಲವು ತಿಂಗಳಿಂದ ಆ ಬ್ರೇಕು ಅವರ ಮಾತು ಕೇಳುತ್ತಿರಲಿಲ್ಲ. ಒಮ್ಮೊಮ್ಮೆ ತಡವಾಗಿ ಹಿಡಿಯುತ್ತಿತ್ತು, ಒಮ್ಮೊಮ್ಮೆ ಹಿಡಿಯುತ್ತಲೇ ಇರಲಿಲ್ಲ. ಮೆಕ್ಯಾನಿಕ್ ಒತ್ತಿದರೆ ಸರಿ, ಬಾಮೈದ ಒತ್ತಿದರೆ ಸರಿ, ಇವರು ಒತ್ತಿದರೆ ಮಾತ್ರ ಇಲ್ಲ. ಬ್ರೇಕಿಗೆ ಮನುಷ್ಯರ ಗುರುತು ಸಿಗುತ್ತದೆಯೇ? ಸಿಗುವುದಿಲ್ಲ. ಅಂದಮೇಲೆ ಇದು ಯಾರೋ ಮನುಷ್ಯರದೇ ಕೆಲಸ. ಹೀಗೆ ಲೆಕ್ಕ ಹಾಕುತ್ತ ಹೋದರೆ ಅದು ಪ್ರತಿ ಸಲವೂ ಬಾಮೈದನ ಬಾಗಿಲಿಗೇ ಬಂದು ನಿಲ್ಲುತ್ತಿತ್ತು.

ಬಾಮೈದನಿಗೆ ತಲೆ ಬೋಳಾಗುತ್ತ ಬಂದಿದ್ದರೂ ಮನೆಯವರ ಬಾಯಲ್ಲಿ ಅವನು ಇನ್ನೂ ಮರಿ. ಮೀಸೆ ಮೂಡದ ವಯಸ್ಸಿನಲ್ಲಿ ಅಕ್ಕನ ಮನೆಗೆ ಬಂದವನನ್ನು ಮೇಷ್ಟ್ರೇ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿ, ತಮ್ಮ ಡ್ರೈವಿಂಗ್ ಸ್ಕೂಲಿನ ಎರಡನೆಯ ಕಾರನ್ನು ಅವನ ಕೈಗೆ ಕೊಟ್ಟಿದ್ದರು. ಈಗ ಸ್ಕೂಲಿಗೆ ಬಂದವರು ಮೆಲ್ಲಗೆ, "ಆ ಇನ್ನೊಬ್ಬ ಸರ್ ಇದ್ದಾರಲ್ಲ, ಅವರ ಹತ್ರ ಕಲೀಬಹುದಾ?" ಎಂದು ಕೇಳುತ್ತಾರೆ. ಭಾವನ ಬ್ರೇಕು ನಾಲ್ಕು ಜನರೆದುರು ಕೈಕೊಟ್ಟರೆ ಭಾವ ಮನೆಯಲ್ಲಿ, ಮರಿ ಕುರ್ಚಿಯಲ್ಲಿ. ಅವನ ಸಾಧುತನ ನೋಡಿದಾಗಲೆಲ್ಲ ಅವರಿಗೆ ಅನುಮಾನ ಹೆಚ್ಚುತ್ತಿತ್ತು. ಬೈದರೂ ನಗುವವನನ್ನು ಹೇಗೆ ನಂಬುವುದು?

ಸಕ್ಕರೆ ಕಾಯಿಲೆಯ ವಿಷಯದಲ್ಲೂ ಅವರದು ಇದೇ ಧಾಟಿ. ಡಾಕ್ಟರು ಹೇಳಿ ವರ್ಷಗಳಾಗಿದ್ದವು. ಅದು ಡಾಕ್ಟರುಗಳ ಹೊಟ್ಟೆಪಾಡಿನ ಕಾಯಿಲೆ ಎಂದು ಮೇಷ್ಟ್ರು ಆಗಲೇ ತೀರ್ಮಾನಿಸಿದ್ದರು. ಹೆಂಡತಿ ಎದುರು ನಿಂತು ಮಾತ್ರೆ ಕೊಟ್ಟರೆ ದವಡೆಗೆ ಒತ್ತಿಟ್ಟುಕೊಂಡು, ನೀರು ಕುಡಿದು, ಗೇಟಿನ ಹತ್ತಿರ ಹೋಗಿ ಉಗಿಯುತ್ತಿದ್ದರು. ಅಲ್ಲಿದ್ದ ಗಿಡ ಚಿಗುರಲೂ ಇಲ್ಲ, ಸಾಯಲೂ ಇಲ್ಲ; ಮಾತ್ರೆಯಲ್ಲಿ ಏನೂ ಇಲ್ಲ ಎನ್ನುವುದಕ್ಕೆ ಅವರಿಗೆ ಅಷ್ಟು ಸಾಕ್ಷಿ ಸಾಕಾಗಿತ್ತು. ಬೆರಳು ಚುಚ್ಚಿ ನೋಡುವ ಮೆಷಿನ್ನನ್ನು ತಂದುಕೊಟ್ಟವನು ಮರಿ. ಆದ್ದರಿಂದ ಅದು ತೋರಿಸುವ ನಂಬರೆಲ್ಲ ಮರಿಯ ಪಾರ್ಟಿಯದು. ಪಾಠದ ನಡುವೆ ಬಾಟಲಿಗಟ್ಟಲೆ ನೀರು ಕುಡಿಯುವುದಕ್ಕೆ ಬಿಸಿಲು ಕಾರಣ, ಹೆಬ್ಬೆರಳ ಗಾಯ ಒಣಗದಿರುವುದಕ್ಕೆ ಶೂ ಕಾರಣ. ಬರಿಗಾಲಲ್ಲಿ ನಿಂತಾಗಲೂ ದಪ್ಪ ಕಾಲುಚೀಲ ತೊಟ್ಟ ಹಾಗಿರುವುದಕ್ಕೆ ಮಾತ್ರ ಕಾರಣ ಸಿಕ್ಕಿರಲಿಲ್ಲ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಆ ಸಂಜೆ ಅಂಗಡಿಗೆ ಹೋಗಿ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ತಡೆದಳು.

"ಇನ್ನೊಂದು ಚಪ್ಪಲಿ ಎಲ್ಲಿ ರೀ?"

ಮೇಷ್ಟ್ರು ಬಗ್ಗಿ ನೋಡಿದರು. ಎಡಗಾಲಲ್ಲಿ ಚಪ್ಪಲಿ ಇತ್ತು. ಬಲಗಾಲು ಬರಿದಾಗಿ, ಧೂಳು ಮೆತ್ತಿಕೊಂಡು ನೆಲದ ಮೇಲಿತ್ತು.

"ಅಂಗಡಿ ಮುಂದೆ ಬಿಟ್ಟಿದ್ದೆ. ಯಾರೋ ಹೊತ್ಕೊಂಡು ಹೋಗಿದ್ದಾರೆ."

"ಒಂದನ್ನೇ?"

"ಕಳ್ಳರಿಗೆ ಬುದ್ಧಿ ಎಲ್ಲಿರುತ್ತೆ?"

ಅವಳು ನಗಲಿಲ್ಲ. ಹೊರಗೆ ಹೋಗಿ, ಬೀದಿ ತಿರುವಿನಲ್ಲಿ ಕವುಚಿ ಬಿದ್ದಿದ್ದ ಚಪ್ಪಲಿಯನ್ನು ಎತ್ತಿಕೊಂಡು ಬಂದಳು. "ಕಾಲಿಂದ ಜಾರಿದ್ದು ಗೊತ್ತಾಗ್ಲಿಲ್ವಾ?" ಎಂದು ಕೇಳಿದಳು. ಏನೋ ಯೋಚನೆಯಲ್ಲಿದ್ದೆ ಎಂದರು ಮೇಷ್ಟ್ರು. ಕಾಲು ತೋರಿಸಿ ಅಂದದ್ದಕ್ಕೆ, ನಿನಗೆ ಬೇರೆ ಕೆಲಸ ಇಲ್ಲವೇ ಎಂದು ರೇಗಿ ಒಳಗೆ ಹೋದರು. ರೇಗಿದ್ದು ಯಾಕೆಂದು ಅವರಿಗೇ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅವಳು ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡುವುದು ಕೇಳಿಸಿತು. ಮೇಷ್ಟ್ರ ಕಿವಿ ನೆಟ್ಟಗಾಯಿತು.

"ಇವತ್ತೂ ಹಾಗೇ ಆಯ್ತು ಮರಿ... ಇಲ್ಲ ಕಣೋ, ಕೇಳಿದ್ರೆ ಮೈಮೇಲೆ ಬರ್ತಾರೆ. ಅದನ್ನ ನಾಳೆಯೊಳಗೆ ಮಾಡಿಬಿಡು. ಅವರಿಗೆ ಗೊತ್ತಾಗದ ಹಾಗೆ."

ಬಾಮೈದನ ಮಸಲತ್ತು ಸರಿ, ಅದನ್ನು ಅವರು ಎಂದೋ ಅರಗಿಸಿಕೊಂಡಿದ್ದರು. ಇವಳೂ ಸೇರಿಕೊಂಡಿದ್ದಾಳೆ ಎನ್ನುವುದು ಹೊಸದು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದವಳು. ಊಟಕ್ಕೆ ಕೂತಾಗ ತಟ್ಟೆ ಮುಂದಿಟ್ಟ ಅವಳ ಕೈಯನ್ನು ನೋಡಿದರು, ಮುಖವನ್ನು ನೋಡಲು ಆಗಲಿಲ್ಲ.

ಕೈಕಟ್ಟಿ ಕೂರುವ ಜಾಯಮಾನ ಅವರದಲ್ಲ. ವಾಕಿಂಗಿನ ನೆಪ ಹೇಳಿ ಸ್ಕೂಲಿನ ಅಂಗಳಕ್ಕೆ ಹೋಗಿ, ತಮ್ಮ ಕಡೆಯ ಬ್ರೇಕಿನ ಬೋಲ್ಟಿನ ಮೇಲೆ ಒಂದು ತುಂಡು ಅಂಟುಪಟ್ಟಿ ಅಂಟಿಸಿ ಬಂದರು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಕಾರಿನ ಬಾಗಿಲು ತೆಗೆದು ಬಗ್ಗಿದರು. ಪಟ್ಟಿ ಹರಿದಿತ್ತು. ಬೋಲ್ಟಿನ ತಲೆಯ ಮೇಲೆ ಸ್ಪಾನರ್ ತಿರುವಿದ ಹೊಸ ಗೆರೆಗಳಿದ್ದವು. ಕಾರಿನ ಇನ್ನೊಂದು ಕೀ ಇರುವುದು ಮರಿಯ ಹತ್ತಿರ. ಸಿಕ್ಕಿಬಿದ್ದೆಯಾ ಮಗನೇ ಎಂದುಕೊಂಡರು ಮೇಷ್ಟ್ರು. ಹೇಳಿಕೊಳ್ಳಲಾಗದ ಸಂಕಟದ ಜೊತೆಗೆ ಒಂದು ಬಗೆಯ ನೆಮ್ಮದಿಯೂ ಆಯಿತು. ತಪ್ಪು ಬ್ರೇಕಿನದು, ತಮ್ಮದಲ್ಲ.

ಆದರೆ ನಾಳೆ ಅವರೆಲ್ಲ ಸೇರಿ, ನೀವು ಒತ್ತಲೇ ಇಲ್ಲ ಎಂದರೆ? ಅದಕ್ಕೂ ಉಪಾಯ ಹೊಳೆಯಿತು. ರಸ್ತೆಯ ಚಿತ್ರ ಬರೆದು ತೋರಿಸುವ ಕರಿಹಲಗೆಯ ಕೆಳಗಿದ್ದ ಸೀಮೆಸುಣ್ಣವನ್ನು ಪುಡಿ ಮಾಡಿ, ಪೆಡಲಿನ ಕಪ್ಪು ರಬ್ಬರಿನ ಮೇಲೆ ಬಳಿದರು. ಒತ್ತಿದರೆ ಶೂ ಅಡಿ ಬಿಳಿಯಾಗಬೇಕು, ಪೆಡಲಿನ ಮೇಲೆ ಶೂ ಗುರುತು ಬೀಳಬೇಕು. ಒತ್ತಿದ್ದೂ ನಿಜ, ಹಿಡಿಯದ್ದೂ ನಿಜ ಎಂದು ಮೆಕ್ಯಾನಿಕ್‌ನನ್ನು ಕರೆಸಿ ತೋರಿಸಬಹುದು. ಕೆಟ್ಟ ಬ್ರೇಕೆಂದು ತಾವೇ ನಂಬಿದ ಕಾರಿನಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಹೊರಡುತ್ತಿದ್ದೇನೆ ಎನ್ನುವುದು ಕಳ್ಳನನ್ನು ಹಿಡಿಯುವ ಹುರುಪಿನಲ್ಲಿ ಅವರಿಗೆ ಹೊಳೆಯಲೇ ಇಲ್ಲ.

ಮೊದಲ ಪಾಠ ಟೈಲರಮ್ಮನದು. ಬಟ್ಟೆಗೆ ಕತ್ತರಿ ಹಾಕುವಾಗ ಕಣ್ಣು ಮಿಟುಕಿಸದ ಹೆಂಗಸು, ಸ್ಟಿಯರಿಂಗ್ ಹಿಡಿದರೆ ನಡುಗುತ್ತಿದ್ದಳು. ಸೀಟು ಮುಂದೆ ಎಳೆದುಕೊಂಡು, ಕನ್ನಡಿ ಸರಿ ಮಾಡಿ, "ನೀವಿದ್ದೀರಲ್ಲ ಮೇಷ್ಟ್ರೇ," ಎಂದಳು, ಎಂದಿನಂತೆ.

"ಇದ್ದೀನಿ. ಹೊರಡಿ."

ಬ್ಯಾಂಕಿನ ಬೀದಿ ದಾಟಿ, ಗೋದಾಮುಗಳ ಸಾಲಿನ ಪಕ್ಕದ ಖಾಲಿ ರಸ್ತೆಗೆ ಬಂದರು. ಟೈಲರಮ್ಮ ಅಂದು ಚೆನ್ನಾಗಿಯೇ ಓಡಿಸುತ್ತಿದ್ದಳು. ಮೇಷ್ಟ್ರು ಬಲಗಾಲನ್ನು ಸುಣ್ಣಕ್ಕೆ ತಾಗದಂತೆ ಹಿಂದಕ್ಕೆ ಎಳೆದುಕೊಂಡು, ಎಲ್ಲಿ ಒತ್ತಿ ನೋಡಲಿ ಎಂದು ಜಾಗ ಹುಡುಕುತ್ತಿದ್ದರು. ಅಷ್ಟರಲ್ಲಿ ನಿಂತಿದ್ದ ಲಾರಿಯ ಮರೆಯಿಂದ ಒಂದು ಸೈಕಲ್ ರಸ್ತೆಗೆ ಇಳಿಯಿತು. ತುಳಿಯುತ್ತಿದ್ದವಳು ಒಬ್ಬ ಹೆಂಗಸು. ಹಿಂದಿನ ಪುಟ್ಟ ಸೀಟಿನಲ್ಲಿ ಮಗು.

ಮೇಷ್ಟ್ರು ಒತ್ತಿದರು. ಜೀವ ಬಿಟ್ಟು ಒತ್ತಿದರು. ತೊಡೆ ಸೆಟೆಯಿತು, ಬೆನ್ನು ಸೀಟಿಗೆ ಅಂಟಿತು. ಕಾರು ಅದೇ ವೇಗದಲ್ಲಿ ಹೋಗುತ್ತಲೇ ಇತ್ತು. ಟೈಲರಮ್ಮ ಅವರ ಕಡೆ ನೋಡಿದಳು, ಮತ್ತೆ ರಸ್ತೆ ನೋಡಿದಳು. ಕಾರು ಕಿರುಗುಟ್ಟಿ ಮುಗ್ಗರಿಸಿ ನಿಂತಿತು. ಮುಂದಿನ ಬಂಪರಿಗೂ ಮಗುವಿನ ಕಾಲಿಗೂ ನಡುವೆ ಒಂದು ಗೇಣು ಜಾಗವಿತ್ತು. ಮಗು ಕಾರಿನ ದೀಪವನ್ನು ಕುತೂಹಲದಿಂದ ನೋಡುತ್ತಿತ್ತು.

ತಾಯಿ ಸೈಕಲ್ಲಿನಿಂದ ಇಳಿದು ಮಗುವಿನ ತಲೆ, ಕೈ, ಕಾಲು ಮುಟ್ಟಿ ನೋಡಿದಳು. ಆಮೇಲೆ ಕಾರಿನ ನೆತ್ತಿಯ ಮೇಲಿದ್ದ ಫಲಕವನ್ನು ನೋಡಿ, "ಕಲಿಸೋರು ಅಂತ ಬೋರ್ಡು ಬೇರೆ," ಎಂದಳು. ಕೂಗಾಡಲಿಲ್ಲ. ಸೈಕಲ್ಲನ್ನು ತಳ್ಳಿಕೊಂಡೇ ಹೋದಳು.

"ನೀವು ಹಿಡೀತೀರಿ ಅಂತ ಸುಮ್ನಿದ್ದೆ ಮೇಷ್ಟ್ರೇ," ಎಂದಳು ಟೈಲರಮ್ಮ. ತುಟಿ ಬಿಳಿಚಿಕೊಂಡಿತ್ತು. "ನೀವು ಹಿಡೀಲಿಲ್ಲ. ಆಮೇಲೆ ನಾನೇ ಒತ್ತಿದೆ."

"ಬ್ರೇಕು ಕೆಟ್ಟಿದೆ. ಕೆಡಿಸಿದ್ದಾರೆ. ಈಗ ತೋರಿಸ್ತೀನಿ ನೋಡಿ." ಮೇಷ್ಟ್ರು ಪೆಡಲಿನ ಕಡೆ ಕೈ ತೋರಿಸಿದರು. "ಮರಿಗೆ ಫೋನ್ ಮಾಡಿ. ಈಗಲೇ ಬರಕ್ಕೆ ಹೇಳಿ."

ಅವಳು ಫೋನ್ ಹಿಡಿದು ಕೆಳಗಿಳಿದಳು. ಮೇಷ್ಟ್ರು ಬಗ್ಗಿದರು.

ಪೆಡಲಿನ ಮೇಲೆ ಸುಣ್ಣ ಬೆಳಿಗ್ಗೆ ಬಳಿದ ಹಾಗೇ ಇತ್ತು. ಒಂದು ಗೆರೆ ಬಿದ್ದಿರಲಿಲ್ಲ. ಬಲಗಾಲ ಶೂ ಬಿಚ್ಚಿ ತಿರುಗಿಸಿ ನೋಡಿದರು. ಅಡಿಯಲ್ಲಿ ಎಂದಿನ ಧೂಳು, ಬಿಳಿಯ ಸುಳಿವಿಲ್ಲ. ಪೆಡಲಿನ ಪಕ್ಕದಲ್ಲಿ, ಕಾರಿನ ನೆಲಕ್ಕೆ ಹಾಸಿದ್ದ ರಬ್ಬರಿನ ಧೂಳಿನಲ್ಲಿ, ಅದೇ ಶೂವಿನ ಗುರುತು ಆಳವಾಗಿ ಬಿದ್ದಿತ್ತು.

ಮೊದಲು ಸುಣ್ಣದ ಮೇಲೇ ಅನುಮಾನ ಬಂತು. ಬೆರಳಿಟ್ಟು ನೋಡಿದರು, ಬೆರಳಿಗೆ ಹತ್ತಿತು. ಶೂ ಹಾಕಿಕೊಂಡು ನೆಟ್ಟಗೆ ಕೂತು, ಕಣ್ಣು ಮುಚ್ಚಿ, ಬ್ರೇಕಿನ ಮೇಲೆ ಕಾಲಿಟ್ಟರು. ಇಟ್ಟಿದ್ದೇನೆ ಎಂದು ಅವರ ಮನಸ್ಸು ಆಣೆ ಮಾಡಿ ಹೇಳುತ್ತಿತ್ತು. ಕಣ್ಣು ಬಿಟ್ಟು ನೋಡಿದರೆ ಕಾಲು ಕ್ಲಚ್ಚಿನ ಮೇಲಿತ್ತು. ಮತ್ತೆ ಕಣ್ಣು ಮುಚ್ಚಿ ಇಟ್ಟರು. ಈ ಸಲ ಯಾವುದರ ಮೇಲೂ ಇರಲಿಲ್ಲ. ಮೂರನೆಯ ಸಲ ನೋಡುವ ಧೈರ್ಯ ಬರಲಿಲ್ಲ. ಇಷ್ಟು ತಿಂಗಳು ಯಾರ ಯಾರ ಮೇಲೋ ಹೊರಿಸಿ ದೂರ ಇಟ್ಟಿದ್ದ ಹೆದರಿಕೆ ಈಗ ಅವರ ಮಡಿಲಲ್ಲೇ ಬಂದು ಕೂತಿತು. ಆ ಮಗುವಿನ ಮುಖ ಕಣ್ಣ ಮುಂದಿನಿಂದ ಸರಿಯಲೊಲ್ಲದು.

ಮರಿ ಇನ್ನೊಂದು ಕಾರಿನಲ್ಲಿ ಬಂದವನು ಅದನ್ನು ಅಡ್ಡಾದಿಡ್ಡಿ ನಿಲ್ಲಿಸಿ ಓಡಿಬಂದ. ಟೈಲರಮ್ಮ ದೂರದಲ್ಲಿ ನಿಂತು ನೀರು ಕುಡಿಯುತ್ತಿದ್ದಳು. ಅವನು ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತ.

"ಏನಾಯ್ತು ಭಾವ? ಹಿಡೀಲಿಲ್ವಾ?"

ಮೇಷ್ಟ್ರು ಕರವಸ್ತ್ರ ತೆಗೆದು ಬೆರಳಿಗೆ ಹತ್ತಿದ್ದ ಸುಣ್ಣ ಒರೆಸಿಕೊಂಡರು.

"ನನ್ನದೇ ತಪ್ಪು," ಎಂದ ಮರಿ. ಅವನ ಕಣ್ಣು ತುಂಬಿತ್ತು. "ರಾತ್ರಿ ನಾನೇ ಅದನ್ನ ಬಿಚ್ಚಿದ್ದು. ಒಂದು ಇಂಚು ಮೇಲಕ್ಕೆ ತಂದು, ಅಗಲದ ರಬ್ಬರು ಹಾಕಿದ್ದೆ. ಮೆಕ್ಯಾನಿಕ್‌ಗೂ ಬಾಯಿ ಬಿಡಬೇಡ ಅಂದಿದ್ದೆ. ನಿಮ್ಮ ಕಾಲಿಗೆ ಸಲೀಸಾಗಿ ಸಿಗಲಿ ಅಂತ... ಬೋಲ್ಟು ಸರಿಯಾಗಿ ಬಿಗಿಯಾಗಲಿಲ್ವೋ ಏನೋ."

ಮೇಷ್ಟ್ರು ಪೆಡಲನ್ನು ನೋಡಿದರು. ಹೌದು, ರಬ್ಬರು ಹೊಸದು, ಮೊದಲಿನದಕ್ಕಿಂತ ಅಗಲ. ಬೆಳಿಗ್ಗೆ ಸುಣ್ಣ ಬಳಿಯುವಾಗಲೂ ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

"ನನ್ನ ಕಾಲಿನ ವಿಷಯ ಅಕ್ಕನಿಗೆ ಹೇಗೆ ಗೊತ್ತಾಯ್ತು?"

"ಚಪ್ಪಲಿ ಜಾರಿದ್ರೂ ನಿಮಗೆ ಗೊತ್ತಾಗಲ್ಲ ಅಂತ ಅಕ್ಕನೇ ಮೊದಲು ಹೇಳಿದ್ದು. ನಿಮ್ಮನ್ನ ಕೇಳಕ್ಕೆ ನಮಗೆ ಇಬ್ಬರಿಗೂ ಧೈರ್ಯ ಇರಲಿಲ್ಲ ಭಾವ."

ಮೇಷ್ಟ್ರ ಕೈಯಲ್ಲಿ ಕರವಸ್ತ್ರವಿತ್ತು. ಒಂದು ಸಲ ಒರೆಸಿದರೆ ಸುಣ್ಣ ಹೋಗುತ್ತಿತ್ತು. ಹೂಂ, ನಿನ್ನದೇ ತಪ್ಪು ಎಂದರೆ ಸಾಕು, ಮರಿ ಅದನ್ನು ಹೊಟ್ಟೆಗೆ ಹಾಕಿಕೊಂಡು ಊರೆಲ್ಲ ತನ್ನದೇ ತಪ್ಪೆಂದು ಹೇಳಿಕೊಂಡು ಬರುತ್ತಿದ್ದ. ಇದೇ ಸೀಟು, ಇದೇ ಹೆಸರು, ನಾಳೆ ಬೆಳಿಗ್ಗೆ ಮತ್ತೆ ಮೊದಲ ಪಾಠ. ಆಸೆಯಾಯಿತು, ಬಹಳ ಆಸೆಯಾಯಿತು. ಕರವಸ್ತ್ರ ಹಿಡಿದ ಕೈ ಪೆಡಲಿನವರೆಗೂ ಹೋಯಿತು.

"ಬೋಲ್ಟು ಸರಿಯಾಗಿದೆ ಕಣೋ," ಎಂದರು. "ಇಲ್ನೋಡು. ಸುಣ್ಣ ಹಾಕಿದ್ದು ನಾನೇ. ನಿನ್ನನ್ನ ಹಿಡಿಯಕ್ಕೆ."

ಮರಿ ಸುಣ್ಣವನ್ನು ನೋಡಿದ. ಪಕ್ಕದ ಶೂ ಗುರುತನ್ನು ನೋಡಿದ. ಭಾವನ ಮೊಣಕಾಲ ಮೇಲೆ ಕೈಯಿಟ್ಟ. ಮೇಷ್ಟ್ರು ಅದನ್ನು ತಳ್ಳಲಿಲ್ಲ.

"ಆ ಡಾಕ್ಟರು ಸಂಜೆ ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳಿದರು.

"ನಾನು ಕರ್ಕೊಂಡು ಹೋಗ್ತೀನಿ."

ಟೈಲರಮ್ಮ ಹತ್ತಿರ ಬಂದು, ತಾನು ಆಟೋದಲ್ಲಿ ಮನೆಗೆ ಹೋಗುವುದಾಗಿ ಹೇಳಿದಳು. ಇನ್ನು ಈ ಕಾರಿನ ಸಹವಾಸವೇ ಬೇಡ ಎಂದಳು. ಮೇಷ್ಟ್ರು ತಲೆಯೆತ್ತಿದರು. ಬೈಯುವ ದನಿ ಎಲ್ಲಿಂದಲೋ ತಾನಾಗಿ ಬಂತು.

"ಆಟೋ ಗೀಟೋ ಏನೂ ಬೇಡ. ಇವತ್ತು ಕಾರು ನಿಲ್ಲಿಸಿದ್ದು ನೀವು. ಈಗ ಬಿಟ್ರೆ ಜನ್ಮದಲ್ಲಿ ಸ್ಟಿಯರಿಂಗ್ ಮುಟ್ಟಲ್ಲ. ಹತ್ತಿ. ನೀವೇ ಓಡಿಸ್ಕೊಂಡು ಹೋಗಬೇಕು."

"ಪಕ್ಕದಲ್ಲಿ?" ಎಂದಳು ಅವಳು, ನಿಧಾನವಾಗಿ.

"ಪಕ್ಕದಲ್ಲಿ ಇವನು ಕೂರ್ತಾನೆ."

ಅವರು ಸೀಟಿನಿಂದ ಇಳಿದು, ನೆಲ ನೋಡಿ ನೋಡಿ ಹೆಜ್ಜೆಯಿಟ್ಟು, ಹಿಂದಿನ ಬಾಗಿಲು ತೆಗೆದರು. ಈ ಕಾರಿನ ಹಿಂದಿನ ಸೀಟಿನಲ್ಲಿ ಅವರು ಎಂದೂ ಕೂತವರಲ್ಲ. ಅಲ್ಲಿ ಯಾರೋ ಬಿಟ್ಟುಹೋದ ಕೊಡೆ ಇತ್ತು, ಕಿಟಕಿಯ ಗಾಜು ಪೂರ್ತಿ ಇಳಿಯುತ್ತಿರಲಿಲ್ಲ. ಮರಿ ತಾನು ತಂದ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ ಬಂದು, ಮುಂದೆ ಕೂತು ಮೊದಲು ಪೆಡಲು ನೋಡಿದ, ಆಮೇಲೆ ಕನ್ನಡಿಯಲ್ಲಿ ಭಾವನನ್ನು ನೋಡಿದ. ಟೈಲರಮ್ಮ ಕಾರು ತಿರುಗಿಸಿದಳು.

ಬ್ಯಾಂಕಿನ ಬೀದಿಯ ಕೊನೆಯಲ್ಲಿ ಜನ ರಸ್ತೆ ದಾಟುತ್ತಿದ್ದರು. ಒಬ್ಬ ಮುದುಕ, ಚೀಲ ಹಿಡಿದ ಇಬ್ಬರು ಹೆಂಗಸರು. ಮೇಷ್ಟ್ರು ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡು, ಬಲಗಾಲನ್ನು ನೆಲಕ್ಕೆ ಒತ್ತಿದರು. ಕಾರು ಮೆಲ್ಲಗೆ ನಿಂತಿತು. ಜನ ದಾಟಿ ಹೋಗುವವರೆಗೂ ಅವರು ಕಾಲು ಎತ್ತಲಿಲ್ಲ.