ಎಲ್ಲರೂ ಹತ್ತುವ ಕಥೆ

ಮರಾಠಿ ಸೀಮೆಯ ಹಡಪಸರದ ನನ್ನ ಖಾನಾವಳಿಗೆ ಊಟಕ್ಕೆ ಬರುವ ಶಮಂತ್ ಬೆಂಗಳೂರಿನವನು. ಖರಾಡಿಯ ಆಫೀಸೊಂದರಲ್ಲಿ ಜಾಹೀರಾತಿಗೆ ಚಿತ್ರ ಬರೆಯುತ್ತಾನೆ. ನಮ್ಮ ಕನ್ನಡ ಸಂಘ ಮಕ್ಕಳ ಕಥೆಯೊಂದಕ್ಕೆ ಚಿತ್ರ ಬರೆಯುವ ಕೆಲಸವನ್ನು ಅವನಿಗೆ ಒಪ್ಪಿಸಿತ್ತು. ಅವನ ಹೆಸರು ಅಚ್ಚಾಗುವ ಮೊದಲ ಪುಸ್ತಕ. ಸಂಘದ ಅಧ್ಯಕ್ಷ ಅವ್ವಣ್ಣನವರ ತಂದೆ ಎಷ್ಟೋ ವರ್ಷದ ಹಿಂದೆ ಮರಾಠಿಯಿಂದ ಕನ್ನಡಕ್ಕೆ ತಂದ ಕಥೆ ಅದು.

ಭಾನುವಾರ ಮಧ್ಯಾಹ್ನ ಅವ್ವಣ್ಣನವರು ಖಾನಾವಳಿಗೇ ಬಂದು ಚಿತ್ರ ನೋಡುವುದೆಂದು ಮಾತಾಗಿತ್ತು. ಒಪ್ಪಿಗೆಯಾಗದಿದ್ದರೆ ಚಿತ್ರವಿಲ್ಲದೆ ಅಚ್ಚಿಗೆ ಹೋಗುತ್ತದೆ ಎಂದಿದ್ದರು. ಶಮಂತ್ ಅರ್ಧ ಗಂಟೆ ಮುಂಚೆಯೇ ಬಂದು ಹದಿನಾಲ್ಕು ಚಿತ್ರ ಹರಡಿದ.

“ಸಖತ್ ಕಥೆ ಆಂಟಿ. ಮಾಯಾಲೋಕ. ಎಲ್ಲರೂ ಏನನ್ನಾದ್ರೂ ಹತ್ತುತ್ತಲೇ ಇರ್ತಾರೆ.”

ರಾಜಕುಮಾರಿ ಮಾವಿನ ಮರದ ತುದಿಯಲ್ಲಿ ಕೂತು ಕಣ್ಣೀರು ಸುರಿಸುತ್ತಿದ್ದಳು. ಕೆಳಗೆ ಕಥೆಯ ಸಾಲು: ‘ರಾಜಕುಮಾರಿ ಅಳಲಿಕ್ಕೆ ಹತ್ತಿದಳು.’

“ಅಳಾಕ ಗಿಡ ಯಾಕ ಏರ್ಯಾಳ ತಮ್ಮಾ?”

“ಹತ್ತಿದಳು ಅಂತ ಇದೆಯಲ್ಲ ಆಂಟಿ. ಯಾವ ಮರ ಅಂತ ಬರೆದಿಲ್ಲ. ಮಾವು ನಾನೇ ಹಾಕಿದೆ.”

ಮುಂದಿನದರಲ್ಲಿ ಮಂತ್ರಿ ಏಣಿಯ ಮೇಲೆ ನಿಂತು ನಗುತ್ತಿದ್ದ. ಅದರ ಮುಂದೆ ‘ರಾಕ್ಷಸ ರಾಜಕುಮಾರನ ಬೆನ್ನು ಹತ್ತಿದ.’ ಎಮ್ಮೆಯಷ್ಟು ದಪ್ಪನೆಯ ರಾಕ್ಷಸ ಆ ಬಡಪಾಯಿಯ ಬೆನ್ನ ಮೇಲೆ ಕಾಲು ಇಳಿಬಿಟ್ಟು ಆರಾಮಾಗಿ ಕೂತಿದ್ದ. ‘ರಾಜನಿಗೆ ಕಣ್ಣು ಹತ್ತಿತು’ ಎಂಬಲ್ಲಿ ಒಂದು ಕಣ್ಣಿಗೆ ಎರಡು ಪುಟ್ಟ ಕಾಲು ಬಂದು, ಅದು ಏದುಸಿರು ಬಿಡುತ್ತ ರಾಜನ ಮಂಚ ಹತ್ತುತ್ತಿತ್ತು.

ರೊಟ್ಟಿ ತಟ್ಟುತ್ತಿದ್ದ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡೆ. ನಗು ನಿಲ್ಲಲಿಲ್ಲ, ಮುಖವೆಲ್ಲ ಹಿಟ್ಟಾಯಿತು.

“ಅಳಾಕ ಹತ್ತಿದಳು ಅಂದ್ರ ಅಳಾಕ ಸುರು ಮಾಡಿದಳು ಅಂತ. ಬೆನ್ನ ಹತ್ತಿದ ಅಂದ್ರ ಅಟ್ಟಿಸಿಕೊಂಡ ಹೋದ. ಕಣ್ಣ ಹತ್ತಿತು ಅಂದ್ರ ನಿದ್ದಿ ಬಂತು.”

ಶಮಂತನ ಮುಖ ಇಳಿಯಿತು. “ಬೆಂಕಿ ಹತ್ತಿತು ಅನ್ನೋದು?”

“ಅದನ್ನೂ ಏಣಿ ಏರಿಸೀ ಏನು?”

“ಇಲ್ಲ. ಮೆಟ್ಟಿಲು.”

ನಾನು ಗೋಡೆ ಹಿಡಿದುಕೊಂಡೆ. ಅವನು ಚಿತ್ರಗಳನ್ನು ಚೀಲಕ್ಕೆ ತುರುಕತೊಡಗಿದ. ಅಷ್ಟರಲ್ಲಿ ಅವ್ವಣ್ಣನವರು ಮೊಮ್ಮಗಳು ಪ್ರಣೀತಾಳ ಕೈ ಹಿಡಿದು ಒಳಗೆ ಬಂದರು. ಹುಡುಗಿಗೆ ಎಂಟು ವರ್ಷ. ಕನ್ನಡ ತಿಳಿಯುತ್ತದೆ, ಬಾಯಿಂದ ಬರುವುದು ಮರಾಠಿಯೊಂದೇ.

ಹಸಿದ ಹೊಟ್ಟೆ ಯಾವುದನ್ನೂ ಒಪ್ಪುವುದಿಲ್ಲ, ಅಷ್ಟು ನನಗೆ ಗೊತ್ತು. “ಮೊದಲ ಊಟ ಮಾಡ್ರೀ ಅಣ್ಣಾರ, ಆಮ್ಯಾಗ ಚಿತ್ರ,” ಎಂದು ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದೆ. ಶಮಂತನ ಚೀಲ ಕಸಿದು ಚಿತ್ರಗಳನ್ನು ಹುಡುಗಿಯ ಮುಂದಿಟ್ಟೆ.

ನಾಲ್ಕನೆಯ ಚಿತ್ರಕ್ಕೆ ಅವಳು ಕಿಸಕ್ಕೆಂದಳು. ಆಮೇಲೆ, “ಅಜ್ಜಾ, ಕಣ್ಣು ಮಂಚ ಯಾಕ ಹತ್ತಿತು?”

ಅವ್ವಣ್ಣನವರ ತುತ್ತು ಬಾಯಿಯ ಹತ್ತಿರವೇ ನಿಂತಿತು. ಮೊಮ್ಮಗಳು ಕನ್ನಡದಲ್ಲಿ ಪ್ರಶ್ನೆ ಕೇಳಿದ್ದು ಅದೇ ಮೊದಲು. ಚಿತ್ರ ತೆಗೆದುಕೊಂಡು ಕೆಳಗಿನ ಸಾಲು ಓದಿದರು.

“ನಮ್ಮಪ್ಪ ಹಿಂಗ ಬರ್ದಿಲ್ಲಲ್ಲ.”

“ಗೊತ್ತಾಗ್ಲಿಲ್ಲ ಸರ್. ಎಲ್ಲಾ ಬೇರೆ ಬರೀತೀನಿ,” ಎಂದ ಶಮಂತ್. ಪ್ರಣೀತಾ ಉಳಿದ ಚಿತ್ರಗಳ ಮೇಲೆ ಕೂತುಬಿಟ್ಟಳು.

ಅಜ್ಜ ಬಿಡಿಸಿ ಹೇಳಲೇಬೇಕಾಯಿತು. “ಮರಾಠ್ಯಾಗ ‘ಡೋಳಾ ಲಾಗಲಾ’ ಅಂತೀವಲ್ಲ? ಅದ ಇದು, ಕಣ್ಣ ಹತ್ತಿತು.”

“ಮತ್ತ ‘ಪಾಠೀ ಲಾಗಲಾ’?” ಎಂದಳು ಹುಡುಗಿ.

“ಬೆನ್ನ ಹತ್ತಿದ.”

“‘ರಡಾಯಲಾ ಲಾಗಲೀ’ ಅಂದ್ರ ಅಳಾಕ ಹತ್ತಿದಳು,” ಎಂದು ಅವಳೇ ಹೇಳಿ, ಮಾವಿನ ಮರದ ಚಿತ್ರ ಎಳೆದು ಎತ್ತಿ ತೋರಿಸಿದಳು. ಅವ್ವಣ್ಣನವರು ನಕ್ಕು ನಕ್ಕು ಕೆಮ್ಮಿದರು, ನಾನು ಮಜ್ಜಿಗೆ ಕೊಡಬೇಕಾಯಿತು.

“ಈ ಕಥಿ ಇಕಿಗಿ ಮೂರು ಸಲ ಓದಿ ಹೇಳೀನಿ,” ಎಂದರು ಕಣ್ಣೊರೆಸಿಕೊಂಡು. “ಮೂರೂ ಸಲ ಮಲಗ್ಯಾಳ. ಹದಿನಾಲ್ಕೂ ಹಾಕ್ರಿ. ಖರೇ ಅರ್ಥ ಕೊನಿ ಪುಟದಾಗ ನಾ ಬರೀತೀನಿ. ಅಪ್ಪನ ಹೆಸರಿನ ಕೆಳಗ ಇವರ ಹೆಸರು ಬರಲಿ.”

ಶಮಂತ್ ಕೂತ. ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ. ನಾಲ್ಕು ರೊಟ್ಟಿ ಹಾಕಿದೆ.

“ಅಪ್ಪಂದು ಇನ್ನೊಂದು ಕಥಿ ಅದ,” ಎಂದರು ಅವ್ವಣ್ಣನವರು. “ಅದರಾಗ ಕನಸ ಬೀಳ್ತದ, ಬಿಸಲ ಬೀಳ್ತದ, ಥಂಡಿ ಬೀಳ್ತದ.”

“ಈ ಸಲ ಮೊದ್ಲು ನಿಮ್ಮನ್ನ ಕೇಳ್ತೀನಿ ಆಂಟಿ.”

“ಕೇಳಬ್ಯಾಡ ತಮ್ಮಾ,” ಎಂದೆ. “ಕೇಳಿದ್ರ ಚಿತ್ರ ಕೆಡ್ತಾವ.”