ದನದ ಡಾಕ್ಟ್ರಮ್ಮನ ಯಾಳಿ

ಅರುಂಧತಿಯವರು ಯಾರ ಬೆನ್ನ ಹಿಂದೆಯೂ ನಿಲ್ಲುವುದಿಲ್ಲ. ಹಲಗೂರಿನ ಬಸ್ ನಿಲ್ದಾಣವಿರಲಿ, ಮಳವಳ್ಳಿಯ ಬ್ಯಾಂಕಿರಲಿ, ಜನರೆಲ್ಲ ಒಬ್ಬರ ಹಿಂದೊಬ್ಬರು ಶಿಸ್ತಾಗಿ ಸಾಲುಗಟ್ಟಿದ್ದರೆ ಇವರೊಬ್ಬರು ಮಾತ್ರ ಮೊಳದಷ್ಟು ಪಕ್ಕಕ್ಕೆ ಸರಿದು, ಮುಂದಿನವರ ಭುಜದ ನೇರಕ್ಕೆ ಓರೆಯಾಗಿ ನಿಂತಿರುತ್ತಾರೆ. ಇವರು ಸಾಲಿನಲ್ಲಿದ್ದಾರೋ ಇಲ್ಲವೋ ಎಂದು ಹಿಂದಿನವರು ಗೊಣಗಿದರೆ ತಿರುಗಿ ಒಮ್ಮೆ ನೋಡುತ್ತಾರೆ; ಆ ನೋಟಕ್ಕೇ ಗೊಣಗಾಟ ಅಡಗುತ್ತದೆ. ಹಸು ಎಮ್ಮೆಗಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿ, ಚೆನ್ನಾಗಿ ಒದೆ ತಿಂದು ಕಲಿತ ಅಭ್ಯಾಸವಂತೆ. ನಡಿಗೆಯೂ ಅಷ್ಟೆ: ಎಡಗಾಲನ್ನು ಕೊಂಚ ಹೊರಕ್ಕೆ ಚಾಚಿ, ಯಾವ ಗಳಿಗೆಯಲ್ಲಾದರೂ ಪಕ್ಕಕ್ಕೆ ನೆಗೆಯಲು ಸಿದ್ಧವಾಗಿರುವಂಥ ನಡಿಗೆ. ಮನುಷ್ಯರೂ ಒದೆಯುತ್ತಾರೇನಮ್ಮ ಎಂದು ನಾನೊಮ್ಮೆ ಕೆಣಕಿದ್ದೆ. ದನ ಒದೆಯುವ ಮುಂಚೆ ಕಿವಿ ಹಿಂದಕ್ಕೆ ಮಾಡಿ ತಿಳಿಸುತ್ತದೆ, ಮನುಷ್ಯರಿಗೆ ಆ ಮರ್ಯಾದೆ ಗೊತ್ತಿಲ್ಲ ಎಂದು ಹೇಳಿ ಅವರು ಬಸ್ಸು ಹತ್ತಿದರು.

ಸರ್ಕಾರದ ಕಾಗದದಲ್ಲಿ ಅವರು ಜಾನುವಾರು ಅಧಿಕಾರಿ. ಹಲಗೂರಿನ ಸುತ್ತಣ ಹಳ್ಳಿಗಳ ಬಾಯಲ್ಲಿ ದನದ ಡಾಕ್ಟ್ರಮ್ಮ. ಮಳೆಗಾಲಕ್ಕೆಂದು ಕೊಂಡ ಕಂದು ಬಣ್ಣದ ರೇನ್‌ಕೋಟನ್ನು ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲೂ ತೊಟ್ಟಿರುತ್ತಾರೆ. ಥರ್ಮಾಮೀಟರು, ಮೊಣಕೈ ದಾಟುವ ಪ್ಲಾಸ್ಟಿಕ್ ಕೈಗವಸು, ಬೀದಿನಾಯಿಗಳಿಗೆ ಬಿಸ್ಕತ್ತು, ಎಲ್ಲವೂ ಅದರ ಜೇಬುಗಳಲ್ಲಿ ಕೂಡಿ ಬಾಳುತ್ತವೆ. ನಾನು ಮಂಡ್ಯದ ದಿನಪತ್ರಿಕೆಯೊಂದರ ಭಾನುವಾರದ ಪುರವಣಿಯನ್ನು ನೋಡಿಕೊಳ್ಳುವವನು. ಕೆಲವು ವರ್ಷಗಳ ಹಿಂದೆ ಅವರು ಅದೇ ಕೋಟಿನಲ್ಲಿ ನಮ್ಮ ಕಚೇರಿಗೆ ಬಂದು, ನನ್ನ ಮೇಜಿಗೆ ಓರೆಯಾಗಿ ನಿಂತಾಗ, ಹಾಲಿನ ದರದ ಬಗ್ಗೆ ದೂರು ತಂದಿರಬೇಕೆಂದು ಮುಖ ಗಂಟುಹಾಕಿಕೊಂಡಿದ್ದೆ. ಅವರು ತಂದದ್ದು ಒಂದು ಕಾದಂಬರಿ.

ಅದು ಮನುಷ್ಯರು ಪುರಾಣದ ಮೃಗಪಕ್ಷಿಗಳಾಗಿ ಬದಲಾಗುವ ಕಾದಂಬರಿ. ಇಂಥವನ್ನು ಪ್ರಾಯದ ಹುಡುಗರು ಬರೆಯುತ್ತಾರೆ, ಅವರ ಕಥೆಗಳಲ್ಲಿ ರಾಜಕುಮಾರರೂ ಮಾಯಾಖಡ್ಗಗಳೂ ಇರುತ್ತವೆ ಎಂಬುದು ನನ್ನ ಅಂದಾಜಾಗಿತ್ತು. ಇವರ ಕಾದಂಬರಿಯಲ್ಲಿದ್ದವರು ವಿಚ್ಛೇದನ ಬೇಡಿ ಮದ್ದೂರಿನ ಕೋರ್ಟಿನ ಮೆಟ್ಟಿಲು ಹತ್ತಿದ ಗಂಡ ಹೆಂಡತಿ. ಅವರಿಬ್ಬರೂ ಕೂಡಿ ಒಂದೇ ಗಂಡಭೇರುಂಡವಾಗಿಬಿಡುತ್ತಾರೆ. ತಲೆ ಎರಡು, ಹೊಟ್ಟೆ ಒಂದು. ಒಂದು ಕೊಕ್ಕು ತಿಂದದ್ದು ಇನ್ನೊಂದು ಕೊಕ್ಕಿನ ಹಸಿವನ್ನೂ ತಣಿಸುತ್ತದೆ ಎಂಬ ಸಂಗತಿ ಅವರಿಗೆ ಅರ್ಥವಾಗಲು ನೂರು ಪುಟ ಬೇಕಾಗುತ್ತದೆ. ನಾನು ನಗುತ್ತ ಓದಲು ಕುಳಿತವನು ಮುಗಿಸಿದ ಮೇಲೆ ಮೊದಲ ಪುಟಕ್ಕೆ ತಿರುಗಿ ಮತ್ತೆ ಓದಿದೆ. ಎರಡನೆಯ ಕಾದಂಬರಿಯಲ್ಲಿ ಕಾಲುವೆಯ ತೂಬು ಕಾಯುವ ನೀರುಗಂಟಿಯೊಬ್ಬ ಮಕರವಾಗುತ್ತಾನೆ. ಮನುಷ್ಯನಾಗಿದ್ದಾಗ ದೊಡ್ಡವರ ಗದ್ದೆಗಷ್ಟೇ ನೀರು ಬಿಡುತ್ತಿದ್ದವನು ಮಕರವಾದ ಮೇಲೆ ಯಾರ ಮುಲಾಜಿಗೂ ಬೀಳದೆ ಕೊನೆಯ ಗದ್ದೆಯವರೆಗೂ ನೀರು ಹರಿಸುತ್ತಾನೆ.

ಅವರೊಡನೆ ಕಥೆಯ ಮಾತಿಗೆ ಕುಳಿತರೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಸರಿ ಸಾರ್, ಅದು ತಿನ್ನೋದೇನು?” ಶರಭವೆನ್ನಿ, ಕಿನ್ನರನೆನ್ನಿ, ಎಂಟು ಕಾಲೋ ಕುದುರೆಯ ಮುಖವೋ ಅವರಿಗೆ ಆಮೇಲಿನ ವಿಷಯ. ಅವರ ಲೋಕದಲ್ಲಿ ಯಾರೂ ಋಷಿಯ ಶಾಪದಿಂದ ಬದಲಾಗುವುದಿಲ್ಲ. ಮೊದಲು ಹಸಿವು ಬದಲಾಗುತ್ತದೆ, ಆಮೇಲೆ ಮೈ. ಇನ್ನೊಂದು ಹಟವೂ ಇತ್ತು. ಒಮ್ಮೆ ಮೃಗವಾದವರನ್ನು ಅವರು ಮರಳಿ ಮನುಷ್ಯರನ್ನಾಗಿ ಮಾಡುತ್ತಿರಲಿಲ್ಲ. ಕಾದಂಬರಿಗಳು ನಮ್ಮ ಪುರವಣಿಯಲ್ಲಿ ಕಂತುಕಂತಾಗಿ ಬರುತ್ತಿದ್ದಾಗ ಓದುಗರು ಫೋನು ಮಾಡಿ ಅಂಗಲಾಚುತ್ತಿದ್ದರು, ನಾನು ಸಂಪಾದಕನ ಗತ್ತಿನಲ್ಲಿ ಹೇಳಿನೋಡಿದೆ, ಗಂಡಭೇರುಂಡವನ್ನು ಮತ್ತೆ ದಂಪತಿಯಾಗಿಸಿದರೆ ಪುಸ್ತಕ ಅಚ್ಚುಹಾಕುವುದಾಗಿ ಮೈಸೂರಿನ ಪ್ರಕಾಶಕರೊಬ್ಬರು ಆಸೆ ತೋರಿಸಿದರು. ಅರುಂಧತಿಯವರು ಜಗ್ಗಲಿಲ್ಲ. ಮನುಷ್ಯರಾಗಿದ್ದಾಗ ಮಾಡಲಾಗದ್ದನ್ನು ಈಗ ಮಾಡುತ್ತಿದ್ದಾರೆ, ಅವರನ್ನು ಹಿಂದಕ್ಕೆ ಎಳೆದು ತರುವುದು ಯಾವ ನ್ಯಾಯ ಎನ್ನುತ್ತಿದ್ದರು. ಪುಸ್ತಕ ಅಚ್ಚಾಗಲೇ ಇಲ್ಲ.

ಮೂರನೆಯ ಕಾದಂಬರಿಯ ಮಾತಿಗೆ ಮೊದಲು ಅವರ ಮನೆಯ ಸಂಗತಿಯೊಂದನ್ನು ಹೇಳಬೇಕು. ಅರುಂಧತಿಯವರದು ದಲಿತ ಕುಟುಂಬ. ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ಅವರ ತಮ್ಮ ಶಿವರಾಮು ಸೋಮನಹಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅವನು ಮದುವೆಯಾದದ್ದು ನಯನಳನ್ನು. ಹಲಗೂರಿನ ಪಕ್ಕದ ಹಳ್ಳಿಯ ಜಮೀನುದಾರ ಪುಟ್ಟಸ್ವಾಮಿಗೌಡರ ಮಗಳನ್ನು. ಹುಡುಗ ಹುಡುಗಿ ಮಳವಳ್ಳಿಯ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಮದುವೆಯ ದಿನದಿಂದ ಗೌಡರ ಮನೆಯ ಬಾಗಿಲು ಮಗಳಿಗೆ ಮುಚ್ಚಿತು. ಹೊಡೆದಾಟ ಬಡಿದಾಟ ಏನೂ ಆಗಲಿಲ್ಲ. ಆದದ್ದು ಮೌನ ಮಾತ್ರ, ಅದೇ ಮೂರು ವರ್ಷ ಬೆಳೆಯಿತು.

ಪುಟ್ಟಸ್ವಾಮಿಯವರು ಕಲ್ಲುಮನಸ್ಸಿನವರಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಮದ್ದೂರಿಗೆ ಹೋದಾಗಲೆಲ್ಲ ಏನಾದರೊಂದು ನೆಪ ಮಾಡಿಕೊಂಡು ಸೋಮನಹಳ್ಳಿಯವರೆಗೂ ಹೋಗಿ, ಮಗಳ ಮನೆಯ ಎದುರಿನ ಟೀ ಅಂಗಡಿಯಲ್ಲಿ ಸುಮ್ಮನೆ ಕೂತು, ಅವರೆಕಾಯಿಯದೋ ಹಲಸಿನ ತೊಳೆಯದೋ ಚೀಲವೊಂದನ್ನು ಅಂಗಡಿಯವನ ಕೈಗೆ ಕೊಟ್ಟು, ಆ ಮನೆಗೆ ತಲುಪಿಸಲು ಹೇಳಿ ಬಸ್ಸು ಹತ್ತಿಬಿಡುತ್ತಿದ್ದರು. ನಯನ ಕಿಟಕಿಯಿಂದ ನೋಡುತ್ತಿದ್ದಳು. ರಸ್ತೆ ದಾಟಿ ಒಳಗೆ ಬಂದರೆ ಮಗಳು ನೀರು ಕೊಡುತ್ತಾಳೆ, ನೀರು ಕುಡಿದರೆ ಊಟಕ್ಕೆ ಏಳಿಸುತ್ತಾಳೆ, ಉಂಡರೆ ಊರಿನಲ್ಲಿ ನಾಲ್ಕು ಜನ ಕೇಳುತ್ತಾರೆ: ಗೌಡರ ಹೆದರಿಕೆ ಇಷ್ಟೇ. ಅರುಂಧತಿಯವರಿಗೆ ಈ ಹೆದರಿಕೆ ಹೊಸದಲ್ಲ. ಅದೇ ಗೌಡರ ಕೊಟ್ಟಿಗೆಯಲ್ಲಿ ಅವರ ಕೈ ಹಸುವಿನ ಗರ್ಭದೊಳಗೆ ಮೊಣಕೈ ಮುಳುಗುವ ತನಕ ಹೋಗಿ ಅಡ್ಡ ಸಿಕ್ಕಿಕೊಂಡ ಕರುವನ್ನು ಬದುಕಿಸಬಹುದಿತ್ತು. ಕೈ ತೊಳೆದುಕೊಂಡ ಮೇಲೆ ಕಾಫಿ ಮಾತ್ರ ಪೇಪರ್ ಲೋಟದಲ್ಲಿ ಜಗಲಿಗೆ ಬರುತ್ತಿತ್ತು. ಮಗಳ ಮದುವೆಯಾದ ಮೇಲೆ ಅದೂ ನಿಂತು, ಗೌಡರು ಮಳವಳ್ಳಿಯಿಂದ ಬೇರೆ ಡಾಕ್ಟರನ್ನು ಕರೆಸತೊಡಗಿದರು.

ಈ ಹಿನ್ನೆಲೆಯಲ್ಲಿ ಹುಟ್ಟಿದ್ದು ‘ಯಾಳಿಯ ಊಟ’. ಮಗಳನ್ನು ದೂರ ಮಾಡಿದ ಜಮೀನುದಾರನೊಬ್ಬ ದೇವಸ್ಥಾನದ ಕಂಬದ ಮೇಲೆ ಕೆತ್ತಿರುವಂಥ ಯಾಳಿಯಾಗುತ್ತಾನೆ: ಸಿಂಹದ ಮುಖ, ಆನೆಯ ಸೊಂಡಿಲು, ಕುದುರೆಯ ಮೈ. ಸ್ವಂತ ಮನೆಯವರೇ ಕಲ್ಲು ಹೊಡೆದು ಅಟ್ಟುತ್ತಾರೆ. ಹಸಿದು ಅಲೆಯುತ್ತ ಮಗಳ ಹಟ್ಟಿಯ ಮುಂದೆ ಬಂದು ಬಿದ್ದಾಗ, ಆಕೆ ಇದು ತನ್ನಪ್ಪನೆಂದು ತಿಳಿಯದೆ ಮುದ್ದೆ ಮುರಿದು ತಿನ್ನಿಸುತ್ತಾಳೆ. ದಿನಾ ಸಂಜೆ ಯಾಳಿ ಉಣ್ಣಲು ಬರುತ್ತದೆ. ದಿನಾ ಆಕೆ ಅದರ ಮುಂದೆ ಕೂತು ಅಪ್ಪನ ಬಗ್ಗೆ ಮಾತಾಡುತ್ತಾಳೆ. ಅಂಗಡಿಯವನ ಕೈಗೆ ಕೊಟ್ಟ ಅವರೆಕಾಯಿ ಚೀಲವೂ ಕಥೆಯೊಳಗೆ ಬಂದಿತ್ತು. ನಮ್ಮ ಪುರವಣಿಯಲ್ಲಿ ಈ ಕಾದಂಬರಿ ವಾರವಾರ ಬರುತ್ತಿದ್ದಾಗ ಹಾಲಿನ ಡೇರಿಗಳಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಿದ್ದರಂತೆ. ಈ ಸಲವಾದರೂ ಅವನನ್ನು ಮನುಷ್ಯನಾಗಿಸಿ ಎಂದು ಎಲ್ಲರದೂ ಒಂದೇ ಬೇಡಿಕೆ. ನಯನ ಮಾತ್ರ ಅತ್ತಿಗೆಗೆ ಫೋನು ಮಾಡಿ, ಏನು ಬೇಕಾದರೂ ಮಾಡಿ, ಅಪ್ಪನನ್ನು ಸಾಯಿಸಬೇಡಿ ಎಂದಿದ್ದಳು. ಯಾಳಿಯನ್ನು ಎನ್ನಲಿಲ್ಲ, ಅಪ್ಪನನ್ನು ಎಂದಳು.

ಕೊನೆಯ ಕಂತು ಬರಬೇಕಾದ ವಾರ ಬರಲಿಲ್ಲ. ಫೋನಿಗೂ ಸಿಗದಿದ್ದಾಗ ನಾನೇ ಹಲಗೂರಿಗೆ ಹೋದೆ. ಬೆಳಗಿನ ಹೊತ್ತು. ಅರುಂಧತಿಯವರು ಜಗಲಿಯ ಮೇಲೆ ಗಮ್‌ಬೂಟು ತೊಳೆಯುತ್ತ ಕುಳಿತಿದ್ದರು. ಬರೆದಿಲ್ಲ, ಯಾಳಿಯಾಗಿಯೇ ಉಳಿಸುವ ಯೋಚನೆಯಿದೆ, ಆದರೆ ಯಾಕೋ ಕೈ ಓಡುತ್ತಿಲ್ಲ ಎಂದರು. ನಾನು ಇನ್ನೂ ಏನನ್ನೂ ಹೇಳಿರಲಿಲ್ಲ, ಗೇಟಿನ ಬಳಿ ಬಿಳಿ ಪಂಚೆಯ ಹಿರಿಯರೊಬ್ಬರು ನಿಂತಿದ್ದು ಕಾಣಿಸಿತು. ಪುಟ್ಟಸ್ವಾಮಿಗೌಡರು. ಆ ಮನೆಯ ಗೇಟನ್ನು ಅವರು ಮುಟ್ಟಿದ್ದು ಅದೇ ಮೊದಲು. ಶರ್ಟಿನ ಜೇಬಿನಿಂದ ನಮ್ಮ ಪುರವಣಿ ಇಣುಕುತ್ತಿದ್ದುದನ್ನು ಕಂಡು ಇವತ್ತು ಜಗಳವೇ ಸೈ ಎಂದುಕೊಂಡೆ. ಅರುಂಧತಿಯವರೂ ಹಾಗೆಯೇ ಎಣಿಸಿರಬೇಕು, ಬೂಟನ್ನು ಪಕ್ಕಕ್ಕಿಟ್ಟು ಎದ್ದು ನಿಂತರು.

ಗೌಡರು ಜಗಲಿಯ ಅಂಚಿನಲ್ಲಿ ಕುಳಿತರು. ಟವೆಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಕೊನೆಗೆ ನೆಲ ನೋಡುತ್ತಲೇ ಕೇಳಿದರು: “ಡಾಕ್ಟ್ರಮ್ಮ, ಆ ಯಾಳೀನ ಕೊನ್ಗೆ ಏನ್ ಮಾಡ್ತೀಯ?”

ಇನ್ನೂ ತೀರ್ಮಾನಿಸಿಲ್ಲ, ಓದುವವರೆಲ್ಲ ಮನುಷ್ಯನಾಗಲಿ ಅನ್ನುತ್ತಿದ್ದಾರೆ ಎಂದರು ಅರುಂಧತಿ.

“ಬ್ಯಾಡ ಕಣಮ್ಮ, ಮನ್ಸನ್ನ ಮಾತ್ರ ಮಾಡ್ಬ್ಯಾಡ. ಈಗ್ಲಾದ್ರೆ ಮೂಕ್ಪ್ರಾಣಿ ಅಂತ ಮಗ್ಳ ಹಟ್ಟೀಲಿ ಉಣ್ತಾ ಅವ್ನೆ. ಮನ್ಸ ಆದ್ರೆ ಎಂಗಮ್ಮ ಉಂಡಾನು, ನಾಕ್ ಜನ ನೋಡಾಕಿಲ್ವಾ? ಅಂಗೇ ಬುಟ್ಬುಡು. ಸಾಯೋಗಂಟ ಅಲ್ಲೇ ಬಿದ್ದಿರ್ಲಿ.”

ಊರೆಲ್ಲ ಒಂದನ್ನು ಬೇಡುತ್ತಿದ್ದರೆ ಈ ಒಬ್ಬ ಮನುಷ್ಯ ಅದರ ತದ್ವಿರುದ್ಧವಾದದ್ದನ್ನು, ಅದೂ ಅರುಂಧತಿಯವರು ಇಷ್ಟು ವರ್ಷ ಹಟಹಿಡಿದು ಕಾಪಾಡಿಕೊಂಡು ಬಂದದ್ದನ್ನೇ, ಬೇಡಿಕೊಳ್ಳಲು ಬಂದಿದ್ದರು. ಅವರ ಮೇಲೆ ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಮರುಕ ಬಂತು. ಅರುಂಧತಿಯವರು ತಕ್ಷಣ ಒಪ್ಪಿಬಿಡುತ್ತಾರೆಂದುಕೊಂಡೆ. ಅವರು ಪಕ್ಕಕ್ಕಿಟ್ಟಿದ್ದ ಬೂಟನ್ನು ಎತ್ತಿ ಗೋಡೆಗೆ ಒರಗಿಸಿಟ್ಟರು. ಆಮೇಲೆ ಹೇಳಿದ ಮಾತು ಮೆಲ್ಲಗಿತ್ತು.

“ಮೃಗ ಆಗಿ ಉಣ್ಣೋದು ಸುಲ್ಬ, ಬೀಗ್ರೆ. ನಯನ ಕಾಯ್ತಾ ಇರೋದು ಮೃಗಕ್ಕಲ್ಲ.”

ಬೀಗರು. ಮಗಳ ಗಂಡನ ಅಕ್ಕನಿಗೆ ಆ ಮನುಷ್ಯ ಬೇರೇನಾದಾರು? ಆದರೆ ಈ ಮೂರು ವರ್ಷ ಎರಡು ಮನೆಗಳಲ್ಲೂ ಯಾರೂ ಆಡದೆ ಉಳಿದಿದ್ದ ಶಬ್ದ ಅದು. ಅರುಂಧತಿಯವರು ಕೂಡ ಆವತ್ತಿನವರೆಗೆ ಗೌಡ್ರೆ ಎಂದೇ ಕರೆಯುತ್ತಿದ್ದವರು. ಪುಟ್ಟಸ್ವಾಮಿಯವರು ತಲೆಯೆತ್ತಲಿಲ್ಲ. ಕಾಫಿ ತರುತ್ತೇನೆಂದಾಗ, ಈಗ ತಾನೇ ಆಯಿತು ಎಂಬ ಹಳೆಯ ಮಾತನ್ನೇ ಹೇಳಿ, ಮೊಣಕಾಲಿಗೆ ಕೈ ಊರಿ ಎದ್ದು, ಬಂದ ದಾರಿಯಲ್ಲೇ ಹೋದರು. ಅವರು ತಿರುವು ದಾಟುವವರೆಗೂ ಅರುಂಧತಿಯವರು ನೋಡುತ್ತ ನಿಂತಿದ್ದರು. ಬಿರುಸಾಗಿ ಹೇಳಿಬಿಟ್ಟೆನೇನೋ ಎಂದು ನನ್ನನ್ನು ಕೇಳಿದರು.

ಎರಡು ದಿನಕ್ಕೆ ಕೊನೆಯ ಕಂತು ಬಂತು. ಎಂದಿನಂತೆ ಸಂಜೆ ಯಾಳಿ ಮಗಳ ಹಟ್ಟಿಯ ಮುಂದೆ ಮುದ್ದೆಗೆ ಬಾಯಿ ಹಾಕುತ್ತದೆ. ಆವತ್ತು ಇದ್ದಕ್ಕಿದ್ದಂತೆ ಅದಕ್ಕೆ ತಾನು ಉಣ್ಣುತ್ತಿರುವುದು ಯಾರ ತಟ್ಟೆಯಲ್ಲಿ ಎಂಬ ಯೋಚನೆ ಬರುತ್ತದೆ. ಮೊದಲು ನಾಚಿಕೆ ಹುಟ್ಟುತ್ತದೆ. ಆಮೇಲೆ ಸೊಂಡಿಲು ಕರಗಿ, ಗೊರಸು ಬೆರಳಾಗಿ, ನೋಡಿದರೆ ಒಬ್ಬ ಮುದುಕ, ಬಾಯಲ್ಲಿ ನುಂಗದ ತುತ್ತು, ಎದುರಿಗೆ ಸಾರಿನ ಪಾತ್ರೆ ಹಿಡಿದ ಮಗಳು. ಬೀದಿಯಲ್ಲಿ ಜನ ನಿಂತು ನೋಡುತ್ತಿದ್ದಾರೆ. ನುಂಗಿದನೋ ಉಗುಳಿದನೋ ಹೇಳದೆ ಕಾದಂಬರಿ ಅಲ್ಲಿಗೆ ನಿಲ್ಲುತ್ತದೆ. ಓದುಗರು ನನಗೆ ಫೋನು ಮಾಡಿ ಬೈದರು. ಮನುಷ್ಯನಾಗಿಸಿ ಎಂದು ಕೇಳಿದವರೇ ಹೆಚ್ಚು ಬೈದದ್ದು.

ಶ್ರಾವಣದ ಕೊನೆಯ ಹೊತ್ತಿಗೆ ಅರುಂಧತಿಯವರು ಮಂಡ್ಯಕ್ಕೆ ಬಂದಿದ್ದಾಗ ಮುಂದಿನದನ್ನು ಹೇಳಿದರು. ಗೌಡರು ಒಂದು ಮಧ್ಯಾಹ್ನ ಟೀ ಅಂಗಡಿಗೆ ಹೋಗದೆ ನೇರವಾಗಿ ರಸ್ತೆ ದಾಟಿ ಮಗಳ ಮನೆಯೊಳಗೆ ಹೋಗಿ ಕುಳಿತರಂತೆ. ಶಿವರಾಮು ಪಾಳಿ ಮುಗಿಸಿ ಬಂದಾಗ ಮಾವ ಕೈ ತೊಳೆಯುತ್ತಿದ್ದರಂತೆ. ಇಬ್ಬರೂ ಮಳೆಯ ವಿಷಯ ಮಾತಾಡಿದರಂತೆ, ಬೇರೇನೂ ಇಲ್ಲ. ಇಷ್ಟು ನಯನ ಹೇಳಿದ್ದು. ಆದರೆ ಅರುಂಧತಿಯವರು ತಮ್ಮ ಕಿವಿಯಾರೆ ಕೇಳಿದ್ದು ಅದರ ಮರುವಾರ, ಗೌಡರ ಊರಿನ ಹಾಲಿನ ಡೇರಿಯ ಮುಂದೆ. ಅವರು ಅಲ್ಲೇ ಹಸುವೊಂದಕ್ಕೆ ಜ್ವರ ನೋಡುತ್ತಿದ್ದರು. ಕ್ಯಾನು ಹಿಡಿದು ನಿಂತಿದ್ದ ಜನರ ನಡುವಿನಿಂದ ಚಿಕ್ಕಮಾದು ಎಂಬ ಗೌಡರ ಜೊತೆಗಾರ, ಬೇಕೆಂದೇ ದನಿ ಏರಿಸಿ, ಮಗಳ ಮನೆಯಲ್ಲಿ ಉಂಡೆಯಂತಲ್ಲ ಎಂದು ಚುಚ್ಚಿದ. ಕ್ಯಾನು ಹಿಡಿದವರೆಲ್ಲ ಗೌಡರತ್ತ ತಿರುಗಿದರು. ಅರುಂಧತಿಯವರು ಹಸುವಿನ ಆಚೆ ಬದಿಯಲ್ಲಿ ಥರ್ಮಾಮೀಟರು ಹಿಡಿದೇ ಕಿವಿಗೊಟ್ಟರು.

ಪುಟ್ಟಸ್ವಾಮಿಯವರು ಹಾಲು ಅಳೆಸಿ, ಕ್ಯಾನಿನ ಮುಚ್ಚಳ ಹಾಕಿ, ತಿರುಗಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರಂತೆ: “ಊಂ ಕಣ್ಲಾ, ಉಂಡೆ. ಬಸ್ಸಾರ್ಗೆ ಖಾರ ಸಾಲ್ದಾಗಿತ್ತು. ಅವ್ರವ್ವನ ಕೈ ಬರ್ನಿಲ್ಲ ಅವುಳ್ಗೆ.”

ಇದನ್ನು ಹೇಳುವಾಗ ಅರುಂಧತಿಯವರು ನಕ್ಕರು, ನಗುತ್ತಲೇ ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡರು. ಯಾಳಿಯಾಗಿದ್ದರೆ ಬಡಿಸಿದ್ದನ್ನು ಸುಮ್ಮನೆ ತಿಂದು ಹೋಗುತ್ತಿತ್ತು, ಮಗಳ ಅಡುಗೆಗೆ ಹೆಸರಿಡಲು ಅಪ್ಪನೇ ಆಗಬೇಕಲ್ಲ ಸಾರ್ ಎಂದರು. ತಾವು ಬರೆಯದೆ ಬಿಟ್ಟ ಸಾಲನ್ನು ಗೌಡರು ಬರೆದುಬಿಟ್ಟರೆಂಬ ಸಣ್ಣ ಅಸೂಯೆಯೂ ಆ ದನಿಯಲ್ಲಿತ್ತು.

ಇಲ್ಲದ ಮೃಗಗಳ ಕಥೆ ಬರೆಯುವವರನ್ನು ಲೋಕಕ್ಕೆ ಬೆನ್ನು ತಿರುಗಿಸಿದವರೆಂದು ನಾವು ತಿಳಿದಿರುತ್ತೇವೆ. ಅವರ ಪುಸ್ತಕಗಳನ್ನು ರಜಾದಿನದ ಓದಿಗೆಂದು ಎತ್ತಿಡುತ್ತೇವೆ. ಅರುಂಧತಿಯವರನ್ನು ಕಂಡ ಮೇಲೆ ನನಗೆ ಹಾಗೆ ಅನ್ನಿಸುವುದಿಲ್ಲ. ಮನುಷ್ಯ ಎಲ್ಲೆಲ್ಲಿ ಮನುಷ್ಯನಾಗಿರಲು ಅಂಜುತ್ತಾನೆ ಎಂಬುದನ್ನು ಈ ಜಾತಿಯ ಬರಹಗಾರರು ಹತ್ತಿರದಿಂದ ನೋಡಿರುತ್ತಾರೆ. ಆ ಅಂಜಿಕೆ ತಣಿಯುವವರೆಗೆ ಅವನಿಗೊಂದು ಸೊಂಡಿಲನ್ನೋ ರೆಕ್ಕೆಯನ್ನೋ ಕೊಟ್ಟು ಕಾಪಾಡುತ್ತಾರೆ, ಹಸಿದಿದ್ದರೆ ಉಣ್ಣಲು ಬಿಡುತ್ತಾರೆ. ಆದರೆ ಅದನ್ನೇ ತನ್ನ ಮೈಯೆಂದುಕೊಂಡು ಅವನು ಅಲ್ಲೇ ಉಳಿಯಲು ಹವಣಿಸಿದ ದಿನ ಕೊಟ್ಟದ್ದನ್ನು ಕಿತ್ತುಕೊಂಡು, ಅವನ ಎರಡು ಬರಿಯ ಕಾಲುಗಳ ಮೇಲೆ ನಿಲ್ಲಿಸಿ, ಆ ಹೊಸ್ತಿಲನ್ನು ಅವನೇ ದಾಟಲಿ ಎಂದು ಕಾಯುತ್ತಾರೆ. ಅವನು ದಾಟಿಯಾನು ಎಂದು ನಂಬುವುದು ಅವರು ಬರೆದ ಎಲ್ಲ ಯಾಳಿಗಳಿಗಿಂತ ದೊಡ್ಡ ಕಲ್ಪನೆ.