ಮೇಲಿನ ತುಂಡು, ಕೆಳಗಿನ ತುಂಡು

ಗರಗಸ ನಿಂತಿತು. ಹೆಬ್ಬೆರಳಿನಷ್ಟಿದ್ದ ಬೂದುಬಣ್ಣದ ಗಟ್ಟಿ ಉದ್ದಕ್ಕೆ ಸೀಳಿ ಎರಡು ಹೋಳಾಗಿ ಬಿದ್ದಿತ್ತು. ಚಿಮಟದಲ್ಲಿ ಎತ್ತುವಾಗ, ರಾತ್ರಿಯಿಡೀ ನಿದ್ದೆಯಿಲ್ಲದ ಸಂಶೋಧಕಿಗೆ ಬೀಸುವ ಕಲ್ಲು ಎತ್ತಿದಂತಾಯಿತು.

ಒಂದು ಬದಿ ಕಾಯಿಸಿ, ಇನ್ನೊಂದು ಬದಿ ತಣ್ಣಗಿಟ್ಟರೆ ಕರೆಂಟು ಹುಟ್ಟಿಸುವ ಪದಾರ್ಥವದು. ಅದರೊಳಗೆ ಕರೆಂಟು ಸಲೀಸಾಗಿ ಓಡಬೇಕು, ಶಾಖ ಮಾತ್ರ ಓಡಬಾರದು. ಕರಗಿಸಿ ಆರಿಸುವಾಗಲೆಲ್ಲ ಬೇರೆಯೇ ಒಂದು ಹರಳು ಚುಕ್ಕೆಚುಕ್ಕೆಯಾಗಿ ಒಳಗೆ ಬಂದು ಕೂರುತ್ತಿತ್ತು, ಕರೆಯದೆ ಬಂದ ನೆಂಟರ ಹಾಗೆ. ನೆಂಟರು ಚದುರಿ ಕೂತರೆ ಶಾಖವನ್ನಷ್ಟೇ ಎಡವಿಸುತ್ತಾರೆ. ಗುಂಪುಗೂಡಿದರೆ ಕರೆಂಟಿಗೂ ದಾರಿ ಬಿಡುವುದಿಲ್ಲ. ಈ ಸಲ ಕರೆಂಟು, ಶಾಖ ಎರಡನ್ನೂ ಅಳೆದಾಗ ಬಂದ ಅಂಕಿ ಎಷ್ಟು ಚೆನ್ನಾಗಿತ್ತೆಂದರೆ, ಅವಳ ಮಾರ್ಗದರ್ಶಕರಾದ ಮೇಷ್ಟ್ರು ಬೀದಿಯ ನಾಯಿ ಬೆಕ್ಕಿಗೂ ಹೇಳಿಕೊಂಡು ಬಂದಿದ್ದರು. ತಿಂಗಳ ಕೊನೆಗೆ ಮುಗಿಯುವ ಅವಳ ಕೆಲಸವನ್ನು ಮುಂದುವರಿಸಿ ಎಂದು ಅದೇ ಅಂಕಿ ಹಿಡಿದು ಇಂದು ಮಧ್ಯಾಹ್ನ ಸಂಸ್ಥೆಯ ನಿರ್ದೇಶಕರನ್ನು ಕೇಳುವವರಿದ್ದರು. ಕೇಳುವ ಮೊದಲು ಒಳಗೇನಿದೆ ನೋಡಿಬಿಡೋಣ ಎಂದು ಅವಳು ಗಟ್ಟಿಯನ್ನು ಕೊಯ್ದದ್ದು.

ಹೋಳನ್ನು ಉಜ್ಜಿ ಹೊಳಪು ಮಾಡಿ ಸೂಕ್ಷ್ಮದರ್ಶಕದಡಿ ಇಟ್ಟಳು. ಮೇಲ್ತುದಿ ಒರೆಸಿದ ನೆಲದಂತಿತ್ತು. ಕೆಳಗಿಳಿದಂತೆ ಚುಕ್ಕೆಗಳು ಹೆಚ್ಚಿ, ಕೆಳತುದಿಯಲ್ಲಿ ಬೆಲ್ಲಕ್ಕೆ ಮುತ್ತಿದ ನೊಣಗಳಾಗಿದ್ದವು. ಒಲೆಯ ಬಾಯಿ ಕಿರಿದೆಂದು ಆ ಕೋಣೆಯಲ್ಲಿ ಎಲ್ಲರೂ ಪದಾರ್ಥ ಕರಗಿಸಿದ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿಯೇ ಆರಿಸುತ್ತಿದ್ದರು. ಭಾರದ ಹರಳೆಲ್ಲ ತಳಕ್ಕಿಳಿದಿತ್ತು. ಕರೆಂಟು ಅಳೆದ ಕಡ್ಡಿಯನ್ನು ಅವಳು ಮೊದಲು ಇದೇ ಗಟ್ಟಿಯಿಂದ ಕೊಯ್ದುಕೊಂಡದ್ದು ಮೇಲಿನಿಂದ, ಶಾಖ ಅಳೆದ ಬಿಲ್ಲೆಯನ್ನು ಕೆಳಗಿನಿಂದ. ಎರಡೂ ಗುಣ ಒಟ್ಟಿಗಿದ್ದ ಪದಾರ್ಥ ಇರಲೇ ಇಲ್ಲ.

ಅವಳು ಕರೆದಾಗ ಮೇಷ್ಟ್ರು ಬಂದು ಬಗ್ಗಿ ನೋಡಿದರು.

"ಅಣ್ಣನ ಎತ್ತರ, ತಮ್ಮನ ಬಣ್ಣ ಸೇರಿಸಿ ಒಬ್ಬನೇ ಗಂಡು ಅಂತ ತೋರಿಸಿದ ಹಾಗಾಯ್ತಲ್ಲಮ್ಮ."

"ಮದುವೆ ಇನ್ನೂ ಆಗಿಲ್ಲ ಸರ್. ಹೇಳಿಬಿಡೋಣ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. "ನಡುವೆ ಚುಕ್ಕೆ ಹದವಾಗೇ ಇದೆ. ಅಲ್ಲಿನ ಫೋಟೋ ಒಂದೇ ಇಟ್ಟರೆ... ಯಾರು ಕೇಳ್ತಾರೆ?"

ಹೂಂ ಎಂದರೆ ಸಾಕಿತ್ತು, ಮನೆಗೆ ಹೋಗಿ ಒಂದು ಯುಗ ನಿದ್ದೆ ಮಾಡಬಹುದಿತ್ತು. ಮೂಳೆಮೂಳೆಯೂ ಹೂಂ ಎನ್ನುತ್ತಿತ್ತು.

"ನಾಳೆ ಇನ್ಯಾವಳೋ ಇದನ್ನ ಬೇಯಿಸೋಕೆ ಕೂರ್ತಾಳೆ ಸರ್. ಈ ಅಂಕಿ ಹಿಂದೆ ಓಡಿ ಓಡಿ ಪಾಪ, ಅವಳ ತಲೆ ನೆರೆತುಹೋಗುತ್ತೆ."

"ನಿನ್ನ ತಲೆ?"

"ಅದಾಗಲೇ ನೆರೆತಿದೆ, ಬಿಡಿ."

ಮೇಷ್ಟ್ರು ನಗಲು ಹೋಗಿ ಕೆಮ್ಮಿದರು. "ಎರಡೂ ತುದಿಯ ಫೋಟೋ ಕೊಡು," ಎಂದರು. "ಕೇಳೋದನ್ನ ಹೇಗೂ ಕೇಳ್ತೀನಿ. ಕೊಡ್ತಾರೆ ಅಂತ ಮಾತ್ರ ಆಸೆ ಇಟ್ಕೋಬೇಡ."

ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ಅವಳು ಗರಗಸಕ್ಕಂಟಿದ್ದ ಬೂದು ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಆಮೇಲೆ ನೆಲದ ಮೇಲೆ ಕೂತು, ಇನ್ನೂ ಆರದ ಒಲೆಯ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದಳು.